ಹಾಲ್ರಪ್‌ನ ಕಣ್ಣು: ಬಿಕ್ಕಳಿಸಿದವರು ಯಾರು?

“ಇನ್ನೊಂದ್ಸಲ ಬಿಕ್ಕಳಿಸಿ, ಡಾಕ್ಟ್ರೇ,” ಅಂದ ಪೊಲೀಸ್ ಚೀಫ್ ಫುರ್ಟಾಡೊ.

“ಬರ್ತಿಲ್ಲ.”

“ಈಗಷ್ಟೇ ಬರ್ತಿತ್ತಲ್ಲ?”

“ನೀವು ಕೇಳಿದ್ದೇ ನಿಂತುಹೋಯ್ತು,” ಅಂದರು ಡಾಕ್ಟರ್ ಹೋರೇಸ್ ಡೆಲ್ಮನ್, ಕಂಬಿಯ ಹಿಂದಿನಿಂದ. ಅವರ ಹಸಿರು ನಿಲುವಂಗಿಗೆ ಹೊಲಿದಿದ್ದ ಎಂಟು ಬಟ್ಟೆಯ ಕೈಗಳಲ್ಲಿ ಒಂದು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವಷ್ಟು ಚೈತನ್ಯವೂ ಆ ಮನುಷ್ಯನಲ್ಲಿ ಉಳಿದಿರಲಿಲ್ಲ.

ಧಕ್ಕೆಯ ಬಲೆ ಶೆಡ್ಡಿನಿಂದ ನಮ್ಮೂರ ಹಬ್ಬದ ಭೂತ ಹಾಲ್ರಪ್‌ನ ಗಾಜಿನ ಕಣ್ಣು ಮಾಯವಾಗಿದ್ದು ನಿನ್ನೆ ಸಂಜೆ. ಇವತ್ತು ಮಧ್ಯಾಹ್ನ ಮೆರವಣಿಗೆ. ಕಳ್ಳನೆಂದು ಚೀಫ್ ಹಿಡಿದು ಕೂರಿಸಿದ್ದು ಹಬ್ಬಕ್ಕೆ ಆ ಭೂತದ ವೇಷ ಹಾಕಿಕೊಂಡು ಓಹಾಯೋದಿಂದ ಬಂದ ಈ ಹಲ್ಲಿನ ಡಾಕ್ಟರನ್ನು.

ನಾನು ಹೆಪ್ಸಿಬಾ ಪಿಂಕಮ್. ರಾಜ್ಯ ಪೊಲೀಸಿನಲ್ಲಿ ಪತ್ತೇದಾರಿಕೆ ಮಾಡಿ ನಿವೃತ್ತಳಾದವಳು. ಹುಟ್ಟೂರು ಸಾಲ್ಟರ್ಸ್ ನೆಕ್‌ಗೆ ವಾಪಸು ಬಂದ ಮೇಲೆ ಯಾರೂ ಕರೆಯದಿದ್ದರೂ ಈ ಠಾಣೆಯ ವಿಷಯದಲ್ಲಿ ಮೂಗು ತೂರಿಸುತ್ತೇನೆ. ಚೀಫ್ ಗಿಲ್ ಫುರ್ಟಾಡೊ ಒಳ್ಳೆಯ ಹುಡುಗ. ಆದರೆ ಫಾಲ್ ರಿವರ್‌ನ ಗಿರಣಿ ಬೀದಿಯಲ್ಲಿ ಬೆಳೆದವನು. ಸಮುದ್ರ ಅವನಿಗೆ ಕಿಟಕಿಯಿಂದ ನೋಡುವ ವಸ್ತು, ಅಷ್ಟೆ.

“ಕೇಸು ಗಟ್ಟಿಯಾಗಿದೆ, ಮಿಸ್ ಪಿಂಕಮ್,” ಅಂದ. “ಶೆಡ್ಡಿನ ಹಿಂದೆ ಇವ್ರು ಓಡಾಡ್ತಿದ್ದನ್ನ ಜನ ನೋಡಿದ್ದಾರೆ. ನಾನು ಹೋಗಿ ಹಿಡಿದಾಗ ಬಿಕ್ಕಳಿಸ್ತಾ ನಿಂತಿದ್ರು. ಮ್ಯೂಸಿಯಮ್ಮಿನ ಫೋನಿಗೆ ಬೆದರಿಕೆ ಹಾಕಿದ ಕಳ್ಳನೂ ಬಿಕ್ಕಳಿಸ್ತಾನೆ. ಇನ್ನೇನು ಬೇಕು?”

“ಶೆಡ್ಡಿನ ಹಿಂದೆ ಏನು ಮಾಡ್ತಿದ್ರಿ, ಡಾಕ್ಟ್ರೇ?” ನಾನು ಕೇಳಿದೆ.

ಅವರ ಮುಖ ಕೆಂಪಾಯಿತು. “ಪ್ರಾರ್ಥನೆ, ಮೇಡಮ್. ಅದರ ಕಣ್ಣನ್ನ ಮೆರವಣಿಗೆಗೆ ಮುಂಚೆ ಒಬ್ನೇ ಇದ್ದಾಗ ಒಂದ್ಸಲ ನೋಡ್ಬೇಕು ಅಂತ ಆಸೆ. ಬಾಗಿಲು ತೆರೆದಿತ್ತು. ಕಣ್ಣಿರೋ ಜಾಗ ಖಾಲಿ. ಹೆದರಿದ್ರೆ ನನಗೆ ಬಿಕ್ಕಳಿಕೆ ಬರುತ್ತೆ, ಚಿಕ್ಕಂದಿನಿಂದ್ಲೂ.”

“ಹೆದರಿದ್ರೆ ಬಿಕ್ಕಳಿಸೋರು ಈ ಭೂತದ ಕತೆಗಳನ್ನ ಯಾಕೆ ಓದ್ತೀರಿ?” ಅಂದ ಚೀಫ್.

“ಅದಕ್ಕೇ ಓದೋದು,” ಅಂದರು ಡಾಕ್ಟರು, ಬಹಳ ಗಂಭೀರವಾಗಿ.

ನನಗೆ ಆ ಮನುಷ್ಯ ಆಗಲೇ ಇಷ್ಟವಾಗಿಬಿಟ್ಟರು. ಆದರೆ ಇಷ್ಟವಾದ ಮಾತ್ರಕ್ಕೆ ಯಾರನ್ನೂ ಬಿಡಿಸಿ ತರುವುದಕ್ಕಾಗುವುದಿಲ್ಲ. ಮೆರವಣಿಗೆಗೆ ಮುಂಚೆಯೇ ಜಿಲ್ಲಾ ಜೈಲಿನ ವ್ಯಾನು ಬರುವುದಿತ್ತು. ಕಳ್ಳತನದ ಕೇಸು ಒಮ್ಮೆ ಹೆಸರಿಗೆ ಅಂಟಿಕೊಂಡರೆ ಓಹಾಯೋದಲ್ಲಿ ಅವರ ಪರವಾನಗಿ ಹೋದಂತೆಯೇ. ಬಾಯಿ ತೆರೆದು ಕುರ್ಚಿಯಲ್ಲಿ ಒರಗಲು ಯಾರಾದರೂ ಕಳ್ಳನ ಹತ್ತಿರ ಹೋಗುತ್ತಾರೆಯೇ?

“ಆ ದನಿ ಹಾಕು, ಗಿಲ್,” ಅಂದೆ. “ನಾನಿನ್ನೂ ಕೇಳಿಲ್ಲ.”

ಫೋನಿಗೆ ಬಂದ ಮಾತನ್ನು ಟೇಪಿನಲ್ಲಿ ಹಿಡಿದಿಡುವ ಮ್ಯೂಸಿಯಮ್ಮಿನ ಹಳೇ ಯಂತ್ರವನ್ನು ಅವನು ತನ್ನ ಮೇಜಿನ ಮೇಲೆ ತಂದಿಟ್ಟುಕೊಂಡಿದ್ದ. ಗುಂಡಿ ಒತ್ತಿದ. ಮೊದಲು ಸುಯ್ಯನೆ ಗಾಳಿಯ ಸದ್ದು. ಆಮೇಲೆ ಬಟ್ಟೆ ಅಡ್ಡ ಹಿಡಿದು ಆಡಿದಂಥ ದನಿ, ಗಂಡೋ ಹೆಣ್ಣೋ ಹೇಳುವಂತಿರಲಿಲ್ಲ.

“ಕಣ್ಣು ಸಮುದ್ರದ್ದು. ಸಮುದ್ರಕ್ಕೇ ಹೋಯ್ತು. ಮೆರವಣಿಗೆ ಹೊರಡಿಸ್ಬೇಡಿ. ಹಾಲ್ರ... ಕ್... ಅಪ್.”

“ಕೇಳಿಸ್ತಾ? ದೇವ್ರ ಹೆಸ್ರಿನ ಮಧ್ಯದಲ್ಲೇ ಬಿಕ್ಕಳಿಸಿದ್ದಾನೆ,” ಅಂದ ಚೀಫ್, ಗೆದ್ದವನ ಮುಖ ಮಾಡಿಕೊಂಡು.

ನನಗೆ ಕೇಳಿಸಿತ್ತು. ಕಾಫಿ ಲೋಟ ಎತ್ತಿ ಬಾಯಿಗಿಟ್ಟುಕೊಂಡೆ, ಮುಖ ಕಾಣಿಸದಿರಲಿ ಎಂದು.

“ಇನ್ನೊಂದ್ಸಲ ಹಾಕು.”

ಹಾಕಿದ. ಅದೇ. ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ.

ಪತ್ತೇದಾರಿಕೆಯಲ್ಲಿ ನಾನು ಕಲಿತದ್ದು ಒಂದೇ: ಗೊತ್ತಾದದ್ದನ್ನು ತಕ್ಷಣ ಹೇಳಬಾರದು, ಮೊದಲು ಗೊತ್ತಿಲ್ಲದ್ದನ್ನು ಕಳೆಯಬೇಕು. ಕಂಬಿಯ ಹತ್ತಿರ ಹೋದೆ.

“ಡಾಕ್ಟ್ರೇ, ನಿಮ್ಮ ದೇವ್ರ ಹೆಸ್ರು ಹೇಳಿ. ಆ ಕತೆಗಳನ್ನ ಆರಾಧಿಸೋ ನಿಮ್ಮ ಬಳಗದಲ್ಲಿ ಹೇಗೆ ಹೇಳ್ತೀರೋ ಹಾಗೇ.”

ಅವರು ಎದ್ದು ನಿಂತರು. ಚಿಲಕಕ್ಕೆ ಸಿಕ್ಕಿದ್ದ ಕೈಯನ್ನು ಬಿಡಿಸಿಕೊಂಡು, ನಿಲುವಂಗಿ ಸರಿಮಾಡಿ, ಕಣ್ಣು ಮುಚ್ಚಿದರು. ಆ ಭೂತವನ್ನು ಹುಟ್ಟಿಸಿದ ಕತೆಗಾರ ಎಬನ್ ಥ್ವಿಂಗ್ ತನ್ನ ಕತೆಗಳಲ್ಲಿ ಅದರ ಹೆಸರನ್ನು ಬರೆದಿರುವ ರೀತಿ ನೋಡಿದರೆ ನಾಲಿಗೆ ಗಂಟು ಬೀಳುತ್ತದೆ. ಅಷ್ಟೂ ಅಕ್ಷರಗಳನ್ನು ಡಾಕ್ಟರು ಒಂದನ್ನೂ ಬಿಡದೆ ಗಂಟಲಿನ ಬುಡದಿಂದ ಎತ್ತಿ ತಂದರು.

“ಖ್ಹ್... ಅಲ್... ಹ್ರುಪ್ಥ್... ಥಾಹ್!”

ಕಿಟಕಿಯ ಹೊರಗೆ ಕೂತಿದ್ದ ಕಡಲಹಕ್ಕಿ ಹಾರಿಹೋಯಿತು. ಕೊನೆಯ ಅಕ್ಷರ ಮುಗಿದ ಮೇಲೆ ಅವರಿಗೆ ಬಿಕ್ಕಳಿಕೆ ಬಂತು, ಒಂದರ ಹಿಂದೊಂದು, ನಿಲ್ಲದಂತೆ.

“ನೋಡಿದ್ಯಾ, ಗಿಲ್? ಇವ್ರ ಬಿಕ್ಕಳಿಕೆ ಹೇಗಿದೆ, ಟೇಪಿನದ್ದು ಹೇಗಿದೆ? ಆ ದನಿ ಒಂದೇ ಸಲ ತಡೆದು ಮುಂದೆ ಹೋಗುತ್ತೆ. ಮತ್ತೆ ಅವನು ಹೇಳಿದ ಹೆಸ್ರು ಬೇರೆ, ಇವ್ರು ಹೇಳಿದ್ದು ಬೇರೆ.”

“ನಾಟಕ ಇರ್ಬಹುದು.”

“ಬಲೆ ಶೆಡ್ಡಿನ ಫೋಟೊ ತೆಗೆದಿದ್ದೀಯಲ್ಲ, ತೋರ್ಸು.”

ಅವನ ಫೋನಿನಲ್ಲಿ ನೋಡಿದೆ. ನಮ್ಮ ಹಾಲ್ರಪ್ ಶೆಡ್ಡಿನ ತುಂಬ ಮಲಗಿತ್ತು. ಹರಿದ ಬಲೆ, ಲಾಬ್‌ಸ್ಟರ್ ಹಿಡಿಯಲು ಕಡಲಡಿ ಇಳಿಸುವ ಮುರಿದ ಬೋನು, ಮಳೆಯಂಗಿ ಸೇರಿಸಿ ಊರಿನವರು ಕಟ್ಟಿದ ಭೂತ. ನಕ್ಷತ್ರಗಳ ಆಚೆಯಿಂದ ಬಂದು ಕಡಲಡಿ ಮಲಗಿರುವ ಅದರ ಕಣ್ಣು ನೋಡಿದವನಿಗೆ ಹುಚ್ಚು ಹಿಡಿಯುತ್ತದೆಂದು ಥ್ವಿಂಗ್ ಬರೆದ. ನಾವು ಅದರ ಒಂದೊಂದು ಕೈಗೂ ಒಂದೊಂದು ಮನೆಯವರು ಹೆಣೆದ ಉಣ್ಣೆಯ ಕೈಗವಸು ತೊಡಿಸುತ್ತೇವೆ, ಚಳಿಯಾಗದಿರಲಿ ಎಂದು. ಅದರ ಹಣೆಯಲ್ಲಿ, ಥ್ವಿಂಗ್‌ನ ಕಿಟಕಿಯಲ್ಲೇ ಇದ್ದ ಹಸಿರು ಗಾಜಿನ ದೊಡ್ಡ ಗುಂಡು, ಹಳೇ ಕಾಲದಲ್ಲಿ ಬಲೆ ತೇಲಿಸಲು ಕಟ್ಟುತ್ತಿದ್ದದ್ದು, ಹಗ್ಗದ ಜಾಳಿಗೆಯಲ್ಲಿ ತೂಗುತ್ತಿರಬೇಕಿತ್ತು. ಈಗ ಅಲ್ಲಿ ತೂತಷ್ಟೇ ಇತ್ತು.

ನಾನು ನೋಡಿದ್ದು ತೂತನ್ನಲ್ಲ. ಪಕ್ಕದ ಗೂಟದಲ್ಲಿ ಆ ಜಾಳಿಗೆಯ ಹಗ್ಗವಿತ್ತು. ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಸೂರ್ಯ ಸುತ್ತುವ ದಿಕ್ಕಿಗೇ ಸುರುಳಿ ಸುತ್ತಿ, ತುದಿ ಒಳಗೆ ಸಿಕ್ಕಿಸಿ ತೂಗುಹಾಕಿತ್ತು. ಕದಿಯಲು ಬಂದವನು ಹೋಗುವಾಗ ಹಗ್ಗ ಜೋಡಿಸಿಟ್ಟು ಹೋಗಿದ್ದ. ದೋಣಿಯವರ ಕೈಗೆ ಹಗ್ಗವನ್ನು ಹಾಗೇ ಬಿಸಾಡಿ ಹೋಗುವುದು ಬರುವುದೇ ಇಲ್ಲ, ಮನೆಗೆ ಬೆಂಕಿ ಬಿದ್ದಿದ್ದರೂ ಸರಿ.

“ಡಾಕ್ಟ್ರೇ, ನಿಮ್ಮ ನಿಲುವಂಗಿಯ ಸೊಂಟಪಟ್ಟಿ ಎಲ್ಲಿ?”

“ಕಟ್ಟಕ್ಕೆ ಬರ್ಲಿಲ್ಲ, ಮೇಡಮ್. ಎಲಾಸ್ಟಿಕ್ ಹಾಕಿಸಿದ್ದೀನಿ.”

ಬಾಗಿಲು ದಡಾರನೆ ತೆರೆದುಕೊಂಡಿತು. ಕೈಯಲ್ಲಿ ಸೂಪಿನ ಪಾತ್ರೆ ಹಿಡಿದು ಟ್ರೈಫೀನಾ ಸ್ನೋ ಒಳಗೆ ಬಂದರು. ಥ್ವಿಂಗ್ ಮ್ಯೂಸಿಯಮ್ಮಿನ ಯಜಮಾನಿ, ಊರಿಗೆಲ್ಲ ಹಿರಿಯರು. ಅವರ ಹಿಂದೆ ರೊಟ್ಟಿಯ ಚೀಲ ಹೊತ್ತು ನನ್ನ ತಮ್ಮ ಅಮೋಸ್. ಮೆರವಣಿಗೆಯಲ್ಲಿ ಹಾಲ್ರಪ್‌ನ ತಲೆ ಹೊರುವವನು ಅವನೇ. ಹೋದ ಚಳಿಗಾಲ ಗಂಟಲಿನ ಗೆಡ್ಡೆಯ ಜೊತೆ ಅವನ ದನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಕೊರಳಿನ ತೂತಿಗೆ ಬೆರಳು ಒತ್ತಿ ಹಿಡಿದರೆ ಒಂದೆರಡು ಪಿಸುಮಾತು ಬರುತ್ತಿತ್ತು, ಅಷ್ಟೆ.

“ಕೈದಿಗೆ ಕೇಲ್ ಸೊಪ್ಪಿನ ಸೂಪು. ಕಳ್ಳನಾದ್ರೇನು, ನಮ್ಮೂರಿಗೆ ಬಂದವನು ಉಪವಾಸ ಇರಬಾರದು,” ಅಂದರು ಟ್ರೈಫೀನಾ. “ಗಿಲ್, ಸಾಸೇಜ್ ಜಾಸ್ತಿ ಹಾಕಿದ್ದೀನಿ, ನಿಮ್ಮಜ್ಜಿ ಮಾಡ್ತಿದ್ದ ಹಾಗೆ. ಅರ್ಧ ನೀನೇ ತಿಂದು ಮುಗಿಸ್ಬೇಡ.”

“ಮಿಸೆಸ್ ಸ್ನೋ, ನೀವು ಟೇಪು ಕೇಳಿದ್ದೀರಾ?” ನಾನು ಕೇಳಿದೆ.

“ನನ್ನ ಕಿವಿಗೆ ಅದೆಲ್ಲ ಎಲ್ಲಿ ಕೇಳುತ್ತೆ? ನೇರ ತಂದು ಗಿಲ್‌ಗೆ ಕೊಟ್ಟೆ.”

“ಈಗ ಕೇಳಿ. ಗಿಲ್, ದನಿ ಜೋರು ಮಾಡು.”

ಮೂರನೇ ಸಲ ಆ ದನಿ ಠಾಣೆಯನ್ನು ತುಂಬಿತು. “ಹಾಲ್ರ... ಕ್... ಅಪ್” ಬಂದಾಗ ಅಮೋಸ್‌ನ ಕೈಯಿಂದ ರೊಟ್ಟಿಯ ಚೀಲ ಜಾರಿ ಬಿತ್ತು. ಟ್ರೈಫೀನಾ ಅಲುಗಾಡಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ನನ್ನ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದರು. ಆ ವಯಸ್ಸಿಗೆ ಅಂಥ ಹಿಡಿತ!

“ಬಾಯಿ ಬಿಟ್ರೆ ಜೋಕೆ, ಹೆಪ್ಸಿ,” ಪಿಸುಗುಟ್ಟಿದರು.

“ನಿಮಗೂ ಗೊತ್ತಾಯ್ತು.”

“ನನಗೇನೂ ಗೊತ್ತಾಗ್ಲಿಲ್ಲ. ಹಬ್ಬ ಮುಗೀಲಿ. ಹೊರಗಿನವರೆಲ್ಲ ಹೋಗ್ಲಿ. ಆಮೇಲೆ ನಾವು ನಾವೇ ಕೂತು ಬಗೆಹರಿಸ್ಕೊಳ್ಳೋಣ.”

“ಅಷ್ಟರಲ್ಲಿ ವ್ಯಾನು ಬರುತ್ತೆ. ಆ ಮನುಷ್ಯನ ಬದುಕು ಹೋಗುತ್ತೆ.”

“ಹಲ್ಲಿನ ಡಾಕ್ಟ್ರಿಗೆ ಒಂದೆರಡು ದಿನ ಜೈಲಾದ್ರೆ ಪ್ರಪಂಚ ಮುಳುಗಲ್ಲ. ನಮ್ಮ ತಾತಂದಿರ ಕಾಲದಿಂದ ಊರಿಗೆ ಊರೇ ಬಾಯಿ ಮುಚ್ಕೊಂಡು ಕಾಯ್ದ ಗುಟ್ಟು ಕಣೇ ಅದು! ಗಂಡ ಹೆಂಡ್ತಿ ಬಿಟ್ಟುಹೋದ್ರೂ ಈ ಮಾತು ಮಾತ್ರ ಊರಾಚೆ ಹೋಗಿಲ್ಲ. ನೀನು ಬಾಯಿ ಬಿಡ್ತೀಯಾ? ಜೋಸಾಯಾ ಪಿಂಕಮ್‌ನ ಮಗಳು?”

ಅಪ್ಪನ ಹೆಸರನ್ನು ಅವರು ಎತ್ತಬಾರದಿತ್ತು.

“ಜೋಸಾಯಾ ಪಿಂಕಮ್‌ನ ಮಗಳಾಗಿದ್ದಕ್ಕೇ ಬಿಡ್ತೀನಿ,” ಅಂದೆ. ನನ್ನ ದನಿ ಜೋರಾಗಿಯೇ ಬಂತು. “ನಮ್ಮೂರ ತಮಾಷೆ ಉಳೀಲಿ ಅಂತ ನಮ್ಮೂರನ್ನ ನಂಬಿ ಬಂದವನನ್ನ ಜೈಲಿಗೆ ಕಳ್ಸೋದಾದ್ರೆ, ಆ ತಮಾಷೆಗೆ ನಾನು ಇನ್ಮೇಲೆ ನಗಲ್ಲ, ಮಿಸೆಸ್ ಸ್ನೋ. ನಿಮ್ಮ ತಾತ ಆ ತಮಾಷೆ ಮಾಡಿದ್ದು ಯಾರನ್ನೂ ಹಾಳುಮಾಡಕ್ಕಲ್ಲ.”

ಅವರ ಹಿಡಿತ ನಿಧಾನವಾಗಿ ಸಡಿಲವಾಯಿತು. ಕುರ್ಚಿ ಎಳೆದುಕೊಂಡು ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು. “ನನಗೆ ಕಿವಿ ಕೇಳಲ್ಲ,” ಅಂದರು. ಅದೇ ಅವರ ಒಪ್ಪಿಗೆ.

“ಯಾವ ತಮಾಷೆ?” ಚೀಫ್ ಕೇಳಿದ. ಕಂಬಿಯ ಹಿಂದೆ ಡಾಕ್ಟರ ಬಿಕ್ಕಳಿಕೆಯೂ ನಿಂತಿತ್ತು.

ಹೇಳಿದೆ.

ಎಬನ್ ಥ್ವಿಂಗ್ ನಮ್ಮೂರಿಗೆ ಬಂದಾಗ ಬಡಕಲು, ರೋಗಿಷ್ಠ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ, ನೀರು ಕಂಡರೆ ನಡುಗುತ್ತಿದ್ದ. ಧಕ್ಕೆಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು ಕತೆ ಬರೆಯುತ್ತಿದ್ದ, ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಧಕ್ಕೆಯ ತುದಿಯೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ದೊಡ್ಡದೊಂದು ದನಿ ಬಂತು. ಉತ್ತರವಾಗಿ ಇನ್ನೊಂದು. ಥ್ವಿಂಗ್ ಬಿಳಿಚಿಕೊಂಡು ಕೆಳಗಿಳಿದು ಬಂದು, ಬಲೆ ಹೊಲಿಯುತ್ತ ಕೂತಿದ್ದ ಟ್ರೈಫೀನಾರ ತಾತನನ್ನು ಕೇಳಿದ, ಅದು ಯಾರ ದನಿ ಎಂದು.

ತಾತ ತಲೆಯನ್ನೂ ಎತ್ತಲಿಲ್ಲವಂತೆ. “ನಮಗೂ ಗೊತ್ತಿಲ್ಲ, ಸ್ವಾಮಿ. ಕೆಳಗಿಂದ ಬರುತ್ತೆ. ನಮ್ಮಜ್ಜನ ಕಾಲಕ್ಕೂ ಬರ್ತಿತ್ತು,” ಅಂದನಂತೆ.

ಥ್ವಿಂಗ್ ಮೇಲಕ್ಕೆ ಓಡಿಹೋದ. ಬರೆಯಲು ಕೂತವನು ಊಟಕ್ಕೂ ಇಳಿಯಲಿಲ್ಲ.

“ದನಿ ಯಾರದ್ದು?” ಚೀಫ್ ಕೇಳಿದ.

“ನಮ್ಮ ದೋಣಿಯವರದ್ದು. ಲಾಬ್‌ಸ್ಟರ್ ಬೋನಿನ ಹಗ್ಗ ಹಿಡಿದು ಎಳೆಯುವಾಗ ಕೂಗೋ ಕೂಗು. ‘ಹಾಲ್ ಅರ್ ಅಪ್.’ ನಮ್ಮೂರವರ ಬಾಯಲ್ಲಿ ಹಾಲ್ರಪ್. ಮೇಲಕ್ಕೆ ಎಳೀರೋ ಅಂತ. ಅಷ್ಟೇ ಅದರ ಅರ್ಥ.”



ಆ ಹೆಸರಿನ ಮೂಲ ಬಾಬಿಲೋನಿನದೆಂದು ಒಬ್ಬ ಪಂಡಿತ ಪುಸ್ತಕ ಬರೆದಿದ್ದಾನೆ. ಇನ್ನೊಬ್ಬ ಅದು ಮನುಷ್ಯರ ಗಂಟಲಿಗೆ ಒಗ್ಗದ ನಕ್ಷತ್ರ ಭಾಷೆ ಎಂದು ಸಾಧಿಸಿದ್ದಾನೆ. ಹಬ್ಬದಲ್ಲಿ ಚರ್ಚಿನ ಹಾಲಿನಲ್ಲಿ ಅವರ ಉಪನ್ಯಾಸ ನಡೆಯುವಾಗ ನಾವೆಲ್ಲ ಹಿಂದಿನ ಬೆಂಚುಗಳಲ್ಲಿ ಮುಖ ಬಿಗಿದುಕೊಂಡು ಕೂತಿರುತ್ತೇವೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ.

ಬರೀ ಗೇಲಿ ಅಂದುಕೊಳ್ಳಬೇಡಿ. ಥ್ವಿಂಗ್‌ಗೆ ದಿಗಿಲು ಹುಟ್ಟಿಸಿದ್ದು ಒಂದೇ ಯೋಚನೆ: ಈ ಅಪಾರ ಆಕಾಶಕ್ಕೆ ಮನುಷ್ಯರ ಮೇಲೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ, ನಾವು ಇದ್ದದ್ದೇ ಅದಕ್ಕೆ ಗೊತ್ತಿಲ್ಲ. ಅದನ್ನು ಓದಿ ಪಟ್ಟಣದ ಜನ ನಿದ್ದೆಗೆಟ್ಟರು. ನಮ್ಮವರು ಓದಿ, “ಸಮುದ್ರವೂ ಹಾಗೇ ಅಲ್ವಾ?” ಅಂದು ಮಾರನೇ ಬೆಳಿಗ್ಗೆ ದೋಣಿ ಇಳಿಸಿದರು. ಆ ಭೂತಕ್ಕೆ ಉಣ್ಣೆಯ ಕೈಗವಸು ಹೆಣೆಯುವ ಧೈರ್ಯ ಬೇರೆ ಯಾವ ಊರಿಗಿದೆ? ನನ್ನೂರಿನ ಬಗ್ಗೆ ನನಗಿರುವ ಹೆಮ್ಮೆ ಅದು, ಯಾರೇನಂದರೂ ಸರಿ.

“ಮೇಲಕ್ಕೆ... ಎಳೀರೋ?” ಡಾಕ್ಟರು ಕಂಬಿ ಹಿಡಿದುಕೊಂಡು ಕೇಳಿದರು.

“ಕ್ಷಮಿಸಿ, ಡಾಕ್ಟ್ರೇ.”

“ಅಂದ್ರೆ ನಾನು ಇಷ್ಟು ವರ್ಷ, ಪ್ರತಿ ಅಮಾವಾಸ್ಯೆ, ಗ್ಯಾರೇಜಿನಲ್ಲಿ ಮೇಣದಬತ್ತಿ ಹಚ್ಕೊಂಡು, ಲಾಬ್‌ಸ್ಟರ್ ಬೋನು ಎಳೀರಿ ಅಂತ ಕೂಗ್ತಿದ್ನಾ?”

“ಹಾಗೇ ಆಯ್ತು.”

ಅವರ ಗಲ್ಲ ನಡುಗಿತು. ಅಳುತ್ತಾರೆಂದುಕೊಂಡೆ. ಅಳಲಿಲ್ಲ. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು, ಆಮೇಲೆ ಎಂಟೂ ಬಟ್ಟೆಯ ಕೈಗಳು ಕುಣಿಯುವಂತೆ ನಕ್ಕರು.

“ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ,” ಅಂದರು, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಟ್ರೈಫೀನಾರಿಗೆ, “ಅಮ್ಮಾ, ನಾನೂ ಬಾಯಿ ಬಿಡಲ್ಲ. ಹಿಂದಿನ ಬೆಂಚಿನಲ್ಲಿ ನನಗೂ ಒಂದು ಜಾಗ ಕೊಟ್ರೆ ಸಾಕು,” ಅಂದರು.

ಕಿವಿ ಕೇಳದ ಟ್ರೈಫೀನಾ ಸ್ನೋ ಭುಜ ಕುಲುಕಿಸಿ ನಕ್ಕಿದ್ದನ್ನು ನಾನು ನೋಡಿದೆ.

ಚೀಫ್ ನಗಲಿಲ್ಲ. “ಸರಿ. ಕಳ್ಳ ಈ ಊರಿನವನು. ಆದ್ರೆ ಊರಿನ ತುಂಬ ದೋಣಿಯವರೇ ಇದ್ದಾರೆ, ಮಿಸ್ ಪಿಂಕಮ್. ಯಾರನ್ನ ಹಿಡೀಲಿ?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅರ್ಧ ನಿಜ ಹೇಳಿದರೆ ಡಾಕ್ಟರು ಅರ್ಧವೇ ಬಿಡುಗಡೆಯಾಗುತ್ತಿದ್ದರು. ಬಿಕ್ಕಳಿಕೆಯ ಲೆಕ್ಕ ತೀರದೆ ಚೀಫ್ ಅವರನ್ನು ಬಿಡುವವನಲ್ಲ.

“ಅದು ಬಿಕ್ಕಳಿಕೆ ಅಲ್ಲ, ಗಿಲ್.”

“ಮತ್ತೆ?”

“ಮಂಜಿನಲ್ಲಿ ದೋಣಿ ಕಾಣಲ್ಲ. ಕೂಗು ಕೇಳಿ ಅದು ಯಾರ ದೋಣಿ ಅಂತ ತಿಳೀಬೇಕು. ಅದಕ್ಕೆ ಒಂದೊಂದು ಮನೆಯವರು ಆ ಕೂಗನ್ನ ಒಂದೊಂದು ಥರ ಮುರೀತಾರೆ. ಸ್ನೋ ಮನೆಯವರು ಮೊದಲನೇ ಅಕ್ಷರ ಎಳೀತಾರೆ. ಕೋವಿ ಮನೆಯವರದ್ದು ಕೊನೆಗೆ ಸಿಳ್ಳೆ. ‘ಅಪ್’ಗೆ ಮುಂಚೆ ಉಸಿರು ನುಂಗೋದು ಒಂದೇ ಮನೆಯವರು.”

“ಯಾರು?”

“ಪಿಂಕಮ್ ಮನೆಯವರು,” ಅಂದೆ. “ನಾವು.”

ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಏನು ಮಾಡಲಿ? ಆ ಕೂಗು ಅಂಥದ್ದು. ಅಮೋಸ್‌ಗೆ ಚಿಕ್ಕಂದಿನಲ್ಲಿ ದೋಣಿ ಹತ್ತಿದರೆ ವಾಂತಿ. ಅದಕ್ಕೆ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೆಣ್ಣುಹುಡುಗಿಗೆ ಮನೆಯ ಕೂಗು ಕಲಿಸುತ್ತಾನೆ ಎಂದು ಧಕ್ಕೆಯಲ್ಲಿ ಆಡಿಕೊಂಡವರಿದ್ದರು. “ನನ್ನ ಮಗಳ ದನಿ ನಿಮ್ಮ ಗಂಡುಮಕ್ಕಳ ದನಿಗಿಂತ ದೂರ ಹೋಗುತ್ತೆ, ಬೇಕಾದ್ರೆ ನಿಂತು ಕೇಳಿ,” ಅಂದಿದ್ದರು ಅಪ್ಪ. ದೋಣಿಯಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ಅವರು ನನ್ನನ್ನು ಒಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ದಡಕ್ಕೆ ಬಂದರೆ ಮತ್ತೆ ಹೆಪ್ಸಿಬಾ. ಆ ಅಡ್ಡಹೆಸರು ಅಮ್ಮನಿಗೂ ಗೊತ್ತಿರಲಿಲ್ಲ, ಅಮೋಸ್‌ಗೂ ಇಲ್ಲ. ನಾನು ಪೊಲೀಸು ಸೇರಿದ ವರ್ಷ ಅಪ್ಪ ಒಬ್ಬರೇ ಮಂಜಿನಲ್ಲಿ ಹೋದರು. ದೋಣಿ ಸಿಕ್ಕಿತು, ಅವರು ಸಿಗಲಿಲ್ಲ.

“ಆ ಕೂಗು ಬರೋರು ಈಗ ಯಾರ್ಯಾರಿದ್ದಾರೆ?” ಚೀಫ್‌ನ ದನಿ ಬದಲಾಗಿತ್ತು.

“ಅಮೋಸ್. ನಾನು.”

ಎಲ್ಲರೂ ಅಮೋಸ್ ಕಡೆ ನೋಡಿದರು. ಅವನು ಕೊರಳಿನ ತೂತಿಗೆ ಬೆರಳು ಒತ್ತಿ, ಬಾಯಿ ತೆರೆದು, ಆ ಕೂಗನ್ನು ಕೂಗಲು ನೋಡಿದ. ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

“ಹಾಗಾದ್ರೆ...” ಚೀಫ್ ಮಾತು ಮುಗಿಸಲಿಲ್ಲ.

“ಮುಗ್ಸು, ಗಿಲ್. ಸಂಕೋಚ ಯಾಕೆ?”

“ನೀವೊಬ್ರೇ ಉಳ್ಕೊಳ್ಳೋದು. ಬಲೆ ಶೆಡ್ಡಿನ ಬೀಗದ ಕೈ ನಿಮ್ಮನೇಲೂ ಒಂದಿದೆ. ನಿನ್ನೆ ಸಂಜೆ ಎಲ್ಲಿದ್ರಿ?”

“ಮನೇಲಿ. ಒಬ್ಳೇ. ಹಾಲ್ರಪ್‌ಗೆ ಕೈಗವಸು ಹೆಣೀತಿದ್ದೆ.”

“ಇದನ್ನ ಹೇಳೋ ಮುಂಚೆ ನಿಮಗೆ ಗೊತ್ತಿತ್ತಾ, ಬೆರಳು ನಿಮ್ಮ ಕಡೆಗೇ ತಿರುಗುತ್ತೆ ಅಂತ?”

“ಮೊದಲನೇ ಸಲ ಟೇಪು ಕೇಳಿದಾಗ್ಲೇ ಗೊತ್ತಾಯ್ತು.”

ಅವನು ಮೇಜಿನಿಂದ ಬೀಗದ ಕೈ ಎತ್ತಿಕೊಂಡ. ಆಮೇಲೆ ಬೀಗ ತೆಗೆದು ಡಾಕ್ಟರನ್ನು ಹೊರಗೆ ಕರೆದ. “ನೀವು ಹೋಗ್ಬಹುದು, ಸಾರ್. ತಪ್ಪಾಯ್ತು. ವ್ಯಾನು ವಾಪಸ್ ಕಳಿಸ್ತೀನಿ. ನಿಮ್ಮ ಹೆಸ್ರು ಎಲ್ಲೂ ಬರಲ್ಲ.” ನನ್ನ ಕಡೆ ತಿರುಗಿದಾಗ ಅವನ ಕಿವಿಗಳು ಕೆಂಪಾಗಿದ್ದವು. “ಮಿಸ್ ಪಿಂಕಮ್, ನೀವು...”

“ಗೊತ್ತು.”

ತಲೆ ಎತ್ತಿಕೊಂಡೇ ಒಳಗೆ ಹೋದೆ. ಡಾಕ್ಟರು ಬಾಗಿಲು ಹಿಡಿದು ನಿಂತು, ಬೆಂಚಿನ ಮೇಲಿನ ಧೂಳನ್ನು ತಮ್ಮ ಬಟ್ಟೆಯ ಕೈಯಿಂದ ಒರೆಸಿಕೊಟ್ಟರು. ಟ್ರೈಫೀನಾ ಎದ್ದು ಬಂದು ಸೂಪಿನ ಪಾತ್ರೆಯನ್ನು ಕಂಬಿಯ ಸಂದಿಯಿಂದ ನನ್ನ ಕೈಗೆ ದಾಟಿಸಿದರು. “ಹುಚ್ಚಿ,” ಅಂದರು. “ಅಪ್ಪನ ಹಾಗೇ.” ಅದಕ್ಕಿಂತ ದೊಡ್ಡ ಮೆಚ್ಚುಗೆ ಆ ಬಾಯಿಂದ ನಾನು ಕೇಳಿಲ್ಲ.

ಆ ಕೋಣೆಗೆ ಬಂದರಿನ ಕಡೆಗೊಂದು ಸಣ್ಣ ಕಿಟಕಿ ಇದೆ. ಮಾತಿನ ಭರದಲ್ಲಿ ನಾವ್ಯಾರೂ ಹೊರಗೆ ನೋಡಿರಲಿಲ್ಲ. ಮಂಜು ಬಂದುಬಿಟ್ಟಿತ್ತು. ಧಕ್ಕೆ ಕಾಣುತ್ತಿರಲಿಲ್ಲ, ದೋಣಿಗಳ ಕಂಬಗಳೂ ಇಲ್ಲ. ಮೆರವಣಿಗೆಗೆ ಸೇರಿದ್ದ ಜನರ ಗದ್ದಲ ಎಲ್ಲಿಂದಲೋ ಬರುತ್ತಿತ್ತು. ಒಮ್ಮೆಲೇ ಆ ಗದ್ದಲ ನಿಂತಿತು.

ಮಂಜಿನೊಳಗಿಂದ, ನೀರಿನ ಮೇಲಿಂದ, ಬಟ್ಟೆಯ ಅಡ್ಡವಿಲ್ಲದೆ, ತುಂಬು ಗಂಟಲಿನಿಂದ ಬಂತು.

“ಹಾಲ್ರ... ಕ್... ಅಪ್!”

ಚೀಫ್‌ನ ಕೈಯಿಂದ ಬೀಗದ ಕೈ ಬಿತ್ತು. ಡಾಕ್ಟರಿಗೆ ಬಿಕ್ಕಳಿಕೆ ಶುರುವಾಯಿತು. ನಾನು ಒಳಗಿದ್ದೆ, ಅಮೋಸ್ ಕಣ್ಣೆದುರಿಗೆ ನಿಂತಿದ್ದ, ಕೂಗು ಹೊರಗಿತ್ತು.

“ಉತ್ತರ ಕೊಡ್ಬೇಡ, ಹೆಪ್ಸಿ,” ಅಂದರು ಟ್ರೈಫೀನಾ. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಂಜಿನಲ್ಲಿ ಕೂಗು ಬಂದರೆ ಆ ಮನೆಯವರು ಉತ್ತರ ಕೊಡಲೇಬೇಕು. ಉತ್ತರ ಕೊಡದಿದ್ದರೆ ದೋಣಿಗೆ ದಡ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಈ ಕಟ್ಟಳೆ ಮುರಿದ ಪಿಂಕಮ್ ಇನ್ನೂ ಹುಟ್ಟಿಲ್ಲ. ಆ ದಿನ ಅಪ್ಪ ಮಂಜಿನಲ್ಲಿ ಕೂಗಿದ್ದರೇನೋ. ಉತ್ತರ ಕೊಡಲು ದಡದಲ್ಲಿ ನಾನಿರಲಿಲ್ಲ.

ಸೂಪಿನ ಪಾತ್ರೆ ಕೆಳಗಿಟ್ಟೆ. ಕಿಟಕಿಯ ಕಂಬಿಗೆ ಮುಖ ಒತ್ತಿ, ಹೊಟ್ಟೆಯ ತುಂಬ ಉಸಿರು ತೆಗೆದುಕೊಂಡು, ಅಪ್ಪ ಕಲಿಸಿದ ಹಾಗೇ, ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದೆ. ಇಷ್ಟು ವರ್ಷ ಬಳಸದಿದ್ದ ದನಿ ಒಂದು ಕೂದಲಷ್ಟೂ ಒಡೆಯಲಿಲ್ಲ.

ಮಂಜಿನಲ್ಲಿ ಹಸಿರು ಬೆಳಕೊಂದು ಹೊತ್ತಿಕೊಂಡಿತು. ನೀರಿನ ಮೇಲೆ, ದೋಣಿಯ ಮೂತಿಯಷ್ಟು ಎತ್ತರದಲ್ಲಿ, ದುಂಡಗೆ. ನಮ್ಮ ಹಾಲ್ರಪ್‌ನ ಕಣ್ಣು. ಅದು ನಿಧಾನವಾಗಿ ನನ್ನ ದನಿಯ ಕಡೆಗೇ ತಿರುಗಿತು. ಅದರ ಹಿಂದಿನಿಂದ ವಯಸ್ಸಾದ ಗಂಡಸಿನ ದನಿಯೊಂದು, ಈ ಸಲ ಮೆಲ್ಲಗೆ, ಮನೆಯ ಬಾಗಿಲಲ್ಲಿ ನಿಂತು ಕರೆದ ಹಾಗೆ ಬಂತು.

“ದನಿ ಹಾಗೇ ಇದ್ಯಲ್ಲೇ, ಸೀಗಡೀ!”

ಚೀಫ್ ಕಂಬಿ ಹಿಡಿದು ನನ್ನ ಕಡೆ ಬಗ್ಗಿದ. “ಸೀಗಡಿ? ಯಾರನ್ನ ಕರೀತಿದ್ದಾನೆ ಅವನು?”

“ನನ್ನನ್ನ,” ಅಂದೆ. “ಆ ಹೆಸ್ರು ಗೊತ್ತಿದ್ದವರು ಒಬ್ರೇ, ಗಿಲ್. ಅವರ ಹೆಸರಿನ ಸಮಾಧಿ ಕಲ್ಲು ಚರ್ಚಿನ ಹಿಂದೆ ಇದೆ.”